ಬರೇ ಮಂಡಕ್ಕಿ

ಪಿ.ಜೆ. ಬಡಾವಣೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ನನ್ನನ್ನು ಕೇಳಿದ್ದು ಬಹಳ ಸರಳವಾದ ಪ್ರಶ್ನೆ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ತಿನ್ನುತ್ತೀರಿ, ಒಂದೂ ಬಿಡದೆ ಹೇಳಿ ಎಂದರು. ನಾನು ಹರಿಹರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವಳು. ಉತ್ತರ ಕ್ರಮವಾಗಿರಬೇಕು, ಏನನ್ನೂ ಬಿಡಬಾರದು ಎಂದು ಮಕ್ಕಳ ತಲೆ ತಿನ್ನುವವಳು. ಆದ್ದರಿಂದ ಕ್ರಮವಾಗಿಯೇ ಹೇಳಿದೆ. ಬೆಳಿಗ್ಗೆ ಎರಡು ರೊಟ್ಟಿ, ಪಲ್ಯ, ಸಕ್ಕರೆ ಇಲ್ಲದ ಚಹಾ. ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ರಾತ್ರಿ ಮತ್ತೆ ರೊಟ್ಟಿ. ಅನ್ನವನ್ನಂತೂ ಮುಟ್ಟುವುದೇ ಇಲ್ಲ. ಸಿಹಿ ತಿಂದು ವರ್ಷವೇ ಆಯಿತು.

ಡಾಕ್ಟರು ಕರಾವಳಿಯ ಕಡೆಯ ಹೆಣ್ಣುಮಗಳು, ಮದುವೆಯಾಗಿ ದಾವಣಗೆರೆಗೆ ಬಂದವರು. ನನ್ನ ರಕ್ತಪರೀಕ್ಷೆಯ ಕಾಗದ ಒಮ್ಮೆ ನೋಡಿದರು, ನನ್ನ ಮುಖ ಒಮ್ಮೆ ನೋಡಿದರು.

"ಇಷ್ಟೇ ತಿನ್ನುವವರಿಗೆ ಇಷ್ಟು ಸಕ್ಕರೆ ಬರ್ಲಿಕ್ಕೆ ಸಾಧ್ಯ ಇಲ್ಲ ಮಾರಾಯ್ರೆ. ಸರಿಯಾಗಿ ನೆನಪು ಮಾಡಿ."

ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಕೆಮ್ಮಿದರು. "ಮಂಡಕ್ಕಿ ಹೇಳ್ಲೇ ಇಲ್ಲಲ್ಲ ನೀನು."

"ಮಂಡಕ್ಕಿ ಊಟಾನಾ?" ಎಂದೆ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಡಾಕ್ಟರ ಮುಂದೆ ಗಂಡ ಹೆಂಡತಿಯನ್ನು ಹಿಡಿದುಕೊಡುವ ಹೊತ್ತೇ ಅದು?

"ಮಂಡಕ್ಕಿ ಅಂದ್ರೆ ನಾವು ಚರುಮುರಿ ಅಂತೇವಲ್ಲ, ಅದಾ?" ಡಾಕ್ಟರು ಪೆನ್ನು ಕೆಳಗಿಟ್ಟರು. "ಅದು ಅಕ್ಕಿ ಅಲ್ವಾ?"

ನಾನೂ ನನ್ನ ಗಂಡನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹುಟ್ಟಿದಾಗಿನಿಂದ ಈ ಊರಲ್ಲಿದ್ದೇವೆ. ಹೆಸರಲ್ಲೇ ಅಕ್ಕಿ ಇರುವ ಆ ಪದಾರ್ಥವನ್ನು ಯಾರೂ ನಮ್ಮೆದುರು ಅಕ್ಕಿ ಎಂದು ಕರೆದಿರಲಿಲ್ಲ.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಾವಣಗೆರೆಯಲ್ಲಿ ಮಂಡಕ್ಕಿ ತಿನ್ನುವುದು ತಿನ್ನುವುದರ ಲೆಕ್ಕಕ್ಕೆ ಬರುವುದಿಲ್ಲ. ನೆಂಟರು ಬಂದರೆ "ಊಟ ಆಯ್ತಾ" ಎಂದು ಕೇಳಿ, "ಇಲ್ಲ" ಎಂದರೆ "ಇರ್ರಿ, ಅಡುಗೆ ಆಗಾವರೆಗೂ ಮಂಡಕ್ಕಿ ತಿಂತಿರ್ರಿ" ಎನ್ನುತ್ತೇವೆ. "ಆಯ್ತು" ಎಂದರೆ "ಹಂಗಾದ್ರೆ ಬರೇ ಮಂಡಕ್ಕಿ ತಗಳ್ರಿ" ಎನ್ನುತ್ತೇವೆ. ಹೊಟ್ಟೆ ಸರಿ ಇಲ್ಲದವರಿಗೂ ಮಂಡಕ್ಕಿ, ಹೆಣ್ಣು ನೋಡಲು ಬಂದವರಿಗೂ ಮಂಡಕ್ಕಿ, ಜಗಳ ಬಿಡಿಸಲು ಕೂತ ಹಿರಿಯರಿಗೂ ಮಂಡಕ್ಕಿ. ಬರೇ ಎನ್ನುವ ಮಾತಿಲ್ಲದೆ ಮಂಡಕ್ಕಿ ನಮ್ಮ ಬಾಯಲ್ಲಿ ಬರುವುದೇ ಇಲ್ಲ. ಗಾಳಿ ತುಂಬಿದ ಪದಾರ್ಥ, ಮುಷ್ಟಿ ಹಿಸುಕಿದರೆ ಏನೂ ಉಳಿಯದು, ಅದಕ್ಕೇನು ಲೆಕ್ಕ ಎಂಬುದು ನಮ್ಮ ವಾದ. ಮಂಡಕ್ಕಿಯ ಜೊತೆ ಮೆಣಸಿನಕಾಯಿ ಬೇರೆ. ನಾವು ಮೆಣಸಿನಕಾಯಿ ಎಂದರೆ ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದ ಬಜ್ಜಿ ಎಂದೇ ಅರ್ಥ. ಅದೂ ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ಬಂದದ್ದು ನನ್ನ ಗರ್ಭಕೋಶದ ಗಡ್ಡೆಗಳು. ತಿಂಗಳಲ್ಲಿ ಅರ್ಧದಷ್ಟು ದಿನ ರಕ್ತ ಹೋಗುತ್ತಿತ್ತು. ಕಪ್ಪು ಸೀರೆ, ಕಂದು ಸೀರೆ ಬಿಟ್ಟು ಬೇರೆ ಉಡುವುದನ್ನು ಬಿಟ್ಟಿದ್ದೆ. ಬೋರ್ಡಿನ ಕಡೆ ತಿರುಗುವ ಮುಂಚೆ ಸೆರಗನ್ನು ಹಿಂದಕ್ಕೆ ಎಳೆದುಕೊಳ್ಳುವುದು ಅಭ್ಯಾಸವಾಗಿಬಿಟ್ಟಿತ್ತು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ದಾವಣಗೆರೆ-ಹರಿಹರದ ನಡುವೆ ಸೀಟು ಸಿಗುವುದೇ ಅಪರೂಪ. ಕಂಬಿ ಹಿಡಿದು ನಿಂತರೆ ಕಣ್ಣು ಕತ್ತಲೆ. ಆಪರೇಷನ್ ಆಗಲೇಬೇಕು, ಅದರಲ್ಲಿ ಎರಡು ಮಾತಿರಲಿಲ್ಲ. ಆದರೆ ಸಕ್ಕರೆ ಈ ಮಟ್ಟದಲ್ಲಿದ್ದರೆ ಹೊಲಿಗೆ ಕೂಡಿಕೊಳ್ಳುವುದಿಲ್ಲ, ಕೀವಾಗುತ್ತದೆ, ನಾನಂತೂ ಚಾಕು ಹಿಡಿಯುವುದಿಲ್ಲ ಎಂದುಬಿಟ್ಟರು ಡಾಕ್ಟರು. ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳ ಸರಾಸರಿ ತೋರಿಸುವ ಒಂದು ಪರೀಕ್ಷೆ ಇದೆ, ಅದು ಇಳಿಯಲಿ, ಆಮೇಲೆ ದಿನ ಗೊತ್ತು ಮಾಡೋಣ ಎಂದರು.

ಅಂದರೆ ನನಗೂ ಆ ಆಪರೇಷನ್ನಿಗೂ ನಡುವೆ ನಿಂತಿದ್ದು ಮಂಡಕ್ಕಿ. ಹೇಳಿದರೆ ನಗುತ್ತಾರೆ. ನಕ್ಕರು ಕೂಡ.

ಬಿಡುವುದು ಏನು ಮಹಾ ಎಂದುಕೊಂಡೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದೇ ಊರಿನ ಆನೆಕೊಂಡದ ಒಂದೇ ಕೋಣೆಯ ಮನೆಯಲ್ಲಿ ಓದಿದವಳು. ಹೊದ್ದುಕೊಳ್ಳಲು ಇದ್ದದ್ದು ತಮ್ಮನಿಗೂ ನನಗೂ ಸೇರಿ ಒಂದೇ ಕೌದಿ. ಪ್ರವೇಶಪತ್ರ ಕೈಲಿ ಹಿಡಿದು ಪರೀಕ್ಷೆಗೆ ಹೋಗುವಾಗ ಕಾಲಲ್ಲಿ ಅವ್ವನ ಚಪ್ಪಲಿ. ಅಷ್ಟನ್ನು ದಾಟಿ ಬಂದವಳಿಗೆ ಒಂದು ಹಿಡಿ ಮಂಡಕ್ಕಿ ಯಾವ ಲೆಕ್ಕ? ಅಪ್ಪ ಕುಡಿತ ಬಿಡಲಾಗದೆ ಸತ್ತಾಗಲೂ ನನಗೆ ಅಳುವಿಗಿಂತ ಹೆಚ್ಚು ಬಂದದ್ದು ಸಿಟ್ಟು. ಬಾಯಿ ಮುಚ್ಚಿಕೊಂಡಿರುವುದಕ್ಕೆ ಯಾವ ಓದು ಬೇಕು, ಯಾವ ದುಡ್ಡು ಬೇಕು ಎಂದು ಹೆಣದ ಮುಂದೆಯೇ ಕೇಳಿದ್ದೆನಂತೆ. ಅವ್ವ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಮೊದಲ ದಿನ ಕೊನೆಯ ಪೀರಿಯಡ್ಡಿನ ಗಂಟೆ ಹೊಡೆಯುವವರೆಗೂ ಎಲ್ಲ ಸರಿಯಿತ್ತು. ಗಂಟೆ ಹೊಡೆದದ್ದೇ ಬಾಯಲ್ಲಿ ನೀರೂರಿತು. ಹಸಿವಲ್ಲ. ಹಸಿವು ನನಗೆ ಚೆನ್ನಾಗಿ ಗೊತ್ತು, ಚಿಕ್ಕಂದಿನಿಂದ ಪರಿಚಯ. ಹಸಿವಿಗೆ ಮುದ್ದೆ ಕೊಟ್ಟರೆ ಸಾಕು, ರೊಟ್ಟಿ ಕೊಟ್ಟರೆ ಸಾಕು, ಮಾತಾಡದೆ ಮಲಗುತ್ತದೆ. ಇದು ಬೇರೆ. ಇದಕ್ಕೆ ಈರುಳ್ಳಿ ಸಣ್ಣಗೆ ಹೆಚ್ಚಿರಬೇಕು, ಹುರಿದ ಶೇಂಗಾ ಇರಬೇಕು, ಖಾರದಪುಡಿ ಮೂಗಿಗೆ ಹತ್ತಬೇಕು, ಬಾಯೊಳಗೆ ಅದು ಮೊದಲು ಗರಿಗರಿ ಎಂದು ಆಮೇಲೆ ಕರಗಬೇಕು. ಬೇರೆ ಏನು ಕೊಟ್ಟರೂ ಬೇಡ. ಹಟ ಹಿಡಿದ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದ ಹಾಗೆ.

ತಮಾಷೆ ಏನೆಂದರೆ ಪಿಷ್ಟ ಸಕ್ಕರೆಯಾಗುವುದು ಬಾಯಲ್ಲೇ ಶುರುವಾಗುತ್ತದೆ ಎಂದು ಪ್ರತಿವರ್ಷ ಪಾಠ ಮಾಡುವವಳು ನಾನೇ. ಮಕ್ಕಳಿಗೆ ನಂಬಿಕೆ ಬರಲೆಂದು ಒಂದೊಂದು ಹಿಡಿ ಮಂಡಕ್ಕಿ ಕೊಟ್ಟು, ನುಂಗಬೇಡಿ, ಅಗಿಯುತ್ತಲೇ ಇರಿ ಎನ್ನುತ್ತೇನೆ. ಸ್ವಲ್ಪ ಹೊತ್ತಿಗೆ "ಮೇಡಂ, ಸಿಹಿ ಆಗ್ತಾ ಐತೆ" ಎಂದು ಹಿಂದಿನ ಬೆಂಚಿನಿಂದ ಕೂಗು ಬರುತ್ತದೆ. ನೋಡಿ, ಲಾಲಾರಸದ ಕೆಲಸ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಉಳಿದ ಮಂಡಕ್ಕಿಯನ್ನು ಸ್ಟಾಫ್ ರೂಮಿಗೆ ತಂದು ತಿನ್ನುತ್ತೇನೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಆ ಬೋರ್ಡಿಗೂ ನನ್ನ ಬಾಯಿಗೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ.

ಸ್ಟಾಫ್ ರೂಮಿನ ವಿಷಯ ಹೇಳಬೇಕು. ಸಂಜೆ ಬಸ್ಸಿಗೆ ಹೊತ್ತಿದ್ದರೆ ಉದ್ದನೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಅದರ ಮೇಲೆ ಒಗ್ಗರಣೆ ಮಂಡಕ್ಕಿಯನ್ನು ಗುಡ್ಡೆ ಸುರಿಯುತ್ತಾರೆ. ತಟ್ಟೆ ಇಲ್ಲ, ಬಟ್ಟಲಿಲ್ಲ. ಸುತ್ತ ನಿಂತು ಎಲ್ಲರೂ ಅದೇ ಗುಡ್ಡೆಗೆ ಕೈ ಹಾಕುವುದು. ಯಾರು ಎಷ್ಟು ತಿಂದರು ಎಂದು ಆ ದೇವರಿಗೂ ಗೊತ್ತಾಗುವುದಿಲ್ಲ. ಗುಡ್ಡೆ ಕರಗುತ್ತದೆ, ಮಾತು ನಡೆಯುತ್ತದೆ, ಗಣಿತದ ಸರ್ ಕೊನೆಗೆ ಪೇಪರನ್ನು ಮಡಚಿ ಪುಡಿಯನ್ನು ನೇರ ಬಾಯಿಗೆ ಸುರಿದುಕೊಳ್ಳುತ್ತಾರೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ ಮೂಲೆಯಲ್ಲಿ ಕೂತು ಪೇಪರ್ ತಿದ್ದುತ್ತಿದ್ದೆ. ಇತಿಹಾಸದ ಮೇಡಂ "ಬರ್ರಿ, ಅಲ್ಲೇನು ಕುಂತೀರಿ, ಕೈ ಹಾಕ್ರಿ" ಎಂದು ಕರೆದರು. ಅವರಿಗೆ ಅದು ಬಾಯಿಮಾತು. ನನಗೆ ಹಾಗಲ್ಲ. ನಮ್ಮವ್ವ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತು ದುಡಿದವಳು. ಭಟ್ಟಿಯ ಕೆಲಸ ಮುಗಿಸಿ ಇದೇ ಪಿ.ಜೆ. ಬಡಾವಣೆಯ ಮನೆಗಳಿಗೆ ಚೀಲ ಹೊತ್ತು ಹಾಕಿಬರುತ್ತಿದ್ದಳು, ನಾನು ಹಿಂದೆ. ಒಂದು ಮನೆಯಲ್ಲಿ ಮಕ್ಕಳು ಪಡಸಾಲೆಯಲ್ಲಿ ಗುಡ್ಡೆಯ ಸುತ್ತ ಕೂತು ತಿನ್ನುತ್ತಿದ್ದರು. ನಾವು ತಂದ ಮಂಡಕ್ಕಿಯೇ. ಆ ಮನೆಯ ಅಜ್ಜಿ ನನಗೂ ಕೊಡುತ್ತಿದ್ದರು, ಮನಸ್ಸು ಒಳ್ಳೆಯದೇ. ಆದರೆ ಬಾಗಿಲಾಚೆ ನಿಲ್ಲಿಸಿ, ನನ್ನ ಲಂಗದ ಮಡಿಲಿಗೆ ಮೇಲಿಂದ ಸುರಿಯುತ್ತಿದ್ದರು. ಕೈಗೆ ಕೈ ತಾಗದ ಹಾಗೆ. ಅರ್ಧ ನೆಲಕ್ಕೆ ಬೀಳುತ್ತಿತ್ತು.

ಸ್ಟಾಫ್ ರೂಮಿನ ಗುಡ್ಡೆಗೆ ಮೊದಲ ಸಲ ಕೈ ಹಾಕಿದಾಗ ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನಕ್ಕಿಂತ ಹೆಚ್ಚು ಖುಷಿಯಾಗಿತ್ತು. ಅಂಥದ್ದನ್ನು ಬಿಡಿ ಎನ್ನುತ್ತಾರೆ ಡಾಕ್ಟರು.

ಬಿಟ್ಟೆ. ಗಂಟೆ ಹೊಡೆದದ್ದೇ ಬ್ಯಾಗು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆಯತೊಡಗಿದೆ. ಉಪದೇಶಗಳು ಬೆನ್ನು ಹತ್ತಿದವು. ಮೆಂತ್ಯ ನೆನೆಸಿ ಕುಡಿಯಿರಿ. ಹಾಗಲಕಾಯಿ ರಸ ಕುಡಿಯಿರಿ. ಆಸೆಯಾದಾಗ ಒಂದು ಲೋಟ ನೀರು ಕುಡಿಯಿರಿ. ಬಸ್ಸಿನಲ್ಲಿ ನಿಂತು ಒಂದು ಲೋಟ ನೀರು ಕುಡಿದರೆ ಇಳಿಯುವಷ್ಟರಲ್ಲಿ ಏನಾಗುತ್ತದೆಂದು ಉಪದೇಶ ಮಾಡಿದವರಿಗೆ ತಿಳಿಯದು. ಏಲಕ್ಕಿ ಅಗಿದೆ. ಲವಂಗ ಅಗಿದೆ. ನಾಲಿಗೆ ಸುಟ್ಟುಕೊಂಡೆ. ಎಸ್.ಎಸ್. ಬಡಾವಣೆಯ ನಮ್ಮ ಸ್ಟಾಪಿನಲ್ಲಿ ಮೆಣಸಿನಕಾಯಿ ಗಾಡಿ ಇದೆಯೆಂದು ಒಂದು ಸ್ಟಾಪು ಮುಂಚೆ ಇಳಿದೆ. ಅಲ್ಲಿ ಎರಡು ಗಾಡಿ. ಅದರಲ್ಲೊಂದರ ಎಣ್ಣೆ ನಮ್ಮ ಗಾಡಿಗಿಂತ ಒಳ್ಳೆಯದು ಎಂದು ವಾಸನೆಯಲ್ಲೇ ಗೊತ್ತಾಯಿತು. ಈ ಊರಲ್ಲಿ ಬಸ್ಸಿಳಿದು ಮೆಣಸಿನಕಾಯಿ ಗಾಡಿ ದಾಟದೆ ಮನೆ ಸೇರುವ ದಾರಿಯೊಂದನ್ನು ಯಾರಾದರೂ ತೋರಿಸಿದರೆ ಅವರಿಗೆ ಕೈ ಮುಗಿಯುತ್ತೇನೆ.

ಮನೆಯಲ್ಲಿ ಗಂಡ ಪೊಲೀಸರಾದರು. ಮಂಡಕ್ಕಿ ಡಬ್ಬಿಯನ್ನು ಅಟ್ಟಕ್ಕೆ ಹಾಕಿ ಏಣಿಯನ್ನು ಪಕ್ಕದ ಮನೆಗೆ ಕೊಟ್ಟರು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ "ಕೈ ತೋರ್ಸು" ಎನ್ನುವುದು, ಬೆರಳು ಮೂಸುವುದು.

"ಈರುಳ್ಳಿ ವಾಸನೆ."

"ಬೆಳಿಗ್ಗೆ ಪಲ್ಯಕ್ಕೆ ಹೆಚ್ಚಿದ್ದು ಯಾರು, ನಿಮ್ಮಕ್ಕನಾ?"

"ಬೆಳಿಗ್ಗಿ ಈರುಳ್ಳಿ ಇಷ್ಟೊತ್ತಿಗೆ ಹಳೇದಾಗಿರುತ್ತೆ. ಇದು ಹೊಸದು."

ಇವರು ಕಚೇರಿಯಲ್ಲಿ ಕಡತ ನೋಡುವಾಗ ಇಷ್ಟು ಸೂಕ್ಷ್ಮ ತೋರಿಸಿದ್ದರೆ ಎರಡು ಪ್ರಮೋಷನ್ ಆಗುತ್ತಿತ್ತು. ತಾವು ಮಾತ್ರ ಸಂಜೆ ಗೆಳೆಯರ ಜೊತೆ ಹೊಟ್ಟೆ ತುಂಬ ತಿಂದು ಬರುತ್ತಾರೆ, ಸಕ್ಕರೆ ಇಲ್ಲ, ಬೊಜ್ಜಿಲ್ಲ, ಏನೂ ಇಲ್ಲ. ದೇವರಿಗೆ ಕಣ್ಣಿಲ್ಲವೆಂದು ಇಂಥದ್ದಕ್ಕೇ ಹೇಳುತ್ತಾರೇನೋ.

ಒಂದು ತಿಂಗಳ ನಂತರ ಡಾಕ್ಟರ ಬಳಿ ಹೋದಾಗ ಸಕ್ಕರೆ ಇಳಿದಿರಲಿಲ್ಲ. ರಕ್ತ ಮಾತ್ರ ಇಳಿದಿತ್ತು.

"ಮಂಡಕ್ಕಿ ಬಿಟ್ಟಿದ್ದೀನಿ ಮೇಡಂ. ಒಂದು ಕಾಳು ಮುಟ್ಟಿಲ್ಲ."

"ಅದರ ಬದಲಿಗೆ ಏನು ತಿಂತಿದ್ದೀರಿ?"

"ಏನಿಲ್ಲ, ಬರೇ ಅವಲಕ್ಕಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಂಡರು. ಆಗಲೇ ನನಗೆ ಹೊಳೆದದ್ದು. ಎಂ.ಎಸ್ಸಿ. ಮಾಡಿದವಳು ಒಂದು ಅಕ್ಕಿ ಬಿಟ್ಟು ಇನ್ನೊಂದು ಅಕ್ಕಿ ಹಿಡಿದಿದ್ದೆ. ಉಬ್ಬಿದ್ದನ್ನು ಬಿಟ್ಟು ಚಪ್ಪಟೆಯದನ್ನು.

"ಮೇಡಂ, ತಿನ್ನೋದಕ್ಕೂ ಚಟ ಅಂತ ಇರುತ್ತಾ?" ಎಂದು ನೇರವಾಗಿಯೇ ಕೇಳಿದೆ. "ಕುಡಿತದ ಹಾಗೆ?"

"ಹೌದು ಅನ್ನುವವರೂ ಇದ್ದಾರೆ, ಅಲ್ಲ ಅನ್ನುವವರೂ ಇದ್ದಾರೆ. ನೀವು ಹೆಸರು ಏನು ಬೇಕಾದ್ರೂ ಇಡಿ. ನನಗೆ ಸಕ್ಕರೆ ಇಳೀಬೇಕು. ಮತ್ತೆ, ಪೂರ್ತಿ ಬಿಟ್ಟು ಒದ್ದಾಡಿ ಇನ್ನೊಂದಕ್ಕೆ ಬೀಳೂದಕ್ಕಿಂತ ಒಂದು ಸಣ್ಣ ಅಳತೆ ಇಟ್ಕೊಳ್ಳಿ. ಜೊತೆಗೆ ಸೌತೆಕಾಯಿ, ಶೇಂಗಾ ಹಾಕಿ ತಿನ್ನಿ. ಅಳತೆ ಮೀರಬೇಡಿ. ಬಜ್ಜಿ ಬೇಡವೇ ಬೇಡ."

ಹೊರಗೆ ನನ್ನ ತಮ್ಮ ಆಟೊ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವನು ಹತ್ತು ವರ್ಷ ಗುಟ್ಕಾ ತಿಂದು ಬಿಟ್ಟವನು. ಬಿಟ್ಟಾಗಿನಿಂದ ಊರಲ್ಲಿ ಯಾರಿಗೆ ಯಾವ ಚಟವಿದ್ದರೂ ಇವನದೇ ಭಾಷಣ.

"ನಂದು ಸುಲಭ ಇತ್ತಕ್ಕ," ಎಂದ, ಆಟೊ ತಿರುಗಿಸುತ್ತ. "ಗುಟ್ಕಾ ಬಿಟ್ರೆ ಬಿಟ್ಟಂಗೆ. ಅಂಗಡಿ ಕಡೀಗೆ ಮಕ ಹಾಕದಿದ್ರೆ ಆತು. ನಿಂದು ಹಂಗಲ್ಲ. ದಿನಾ ಮೂರು ಹೊತ್ತು ಉಣ್ಣಲೇಬೇಕು, ಉಂಡು ಕೈ ತೊಳ್ಕಬೇಕು, ಇನ್ನ ಬ್ಯಾಡ ಅನ್ನಬೇಕು. ಕುಡುಕನ ಕೈಯಾಗೆ ಬಾಟ್ಲಿ ಕೊಟ್ಟು, ಊಟದ ಜತಿಗೆ ಎರಡೇ ಗುಟುಕು ಕುಡಿಯಪ್ಪ ಅಂದಂಗೆ."

ಅಪ್ಪನ ನೆನಪಾಯಿತು. ಇವನು ಇಷ್ಟು ಸರಿಯಾಗಿ ಮಾತಾಡುತ್ತಾನಲ್ಲ ಎಂದು ಆಶ್ಚರ್ಯಪಡುವಷ್ಟರಲ್ಲಿ ಸಿಗ್ನಲ್ಲಿನಲ್ಲಿ ಆಟೊ ನಿಲ್ಲಿಸಿ ಜೇಬಿಗೆ ಕೈ ಹಾಕಿದ. ಖಾಕಿ ಅಂಗಿಯ ಎರಡೂ ಜೇಬು ಉಬ್ಬಿದ್ದವು. ಒಂದು ಹಿಡಿ ತೆಗೆದು ಬಾಯಿಗೆ ಎಸೆದುಕೊಂಡ.

"ಏನೋ ಅದು?"

"ಏನಿಲ್ಲಕ್ಕ, ಬರೇ ಮಂಡಕ್ಕಿ. ಗುಟ್ಕಾ ಬಿಟ್ಟಿದ್ದು ಹೆಂಗೆ ಅನ್ಕಂಡಿ? ಬಾಯಿಗೆ ಏನಾರ ಬೇಕಲ್ಲ."

ಸಿಗ್ನಲ್ ಬಿಟ್ಟಿತು. ಹಿಂದಿನ ಬೈಕಿನವನು ಹಾರ್ನ್ ಹೊಡೆದ. ನಾನು ಹಣೆ ಹಿಡಿದುಕೊಂಡು ಕೂತೆ.

ಅವ್ವನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಈಗ ಭಟ್ಟಿಗೆ ಹೋಗುವುದಿಲ್ಲ, ಆನೆಕೊಂಡದಲ್ಲೇ ತಮ್ಮನ ಜೊತೆ ಇದ್ದಾಳೆ. ಆದರೆ ನಾನು ಹೋದಾಗಲೆಲ್ಲ ಚೀಲ ತುಂಬಿ ಇಟ್ಟಿರುತ್ತಾಳೆ. ಅವತ್ತೂ ಇತ್ತು. ಬೇಡವೆಂದೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ.

ಅವ್ವ ಚೀಲದ ಬಾಯನ್ನು ಬಿಗಿದು ಕಟ್ಟಿದಳು. "ರಾತ್ರಿ ಓದಾಕೆ ಕುಂತಾಗ ನಿನ್ನ ಮುಂದೆ ಏನಿಡ್ತಿದ್ದೆ? ಬದಾಮಿ ಇಡ್ತಿದ್ದೆನಾ? ಭಟ್ಟಿಯಾಗೆ ಉಳಿದ ನುಚ್ಚು ಮಂಡಕ್ಕಿ ಉಡಿಯಾಗೆ ಕಟ್ಕಂಡು ಬರ್ತಿದ್ದೆ. ಅದನ್ನ ತಿಂದೇ ನೀನು ಮೇಡಂ ಆಗಿದ್ದು. ಈಗ ಅದೇ ವಿಷ ಆತಾ?"

"ವಿಷ ಅಂತ ಯಾರಂದ್ರು ಅವ್ವ."

"ಬ್ಯಾಡ ಅಂದ್ರೆ ಮತ್ತೇನು? ನಿಮ್ಮಪ್ಪಗೆ ಬ್ಯಾಡ ಅಂದಿದ್ವಿ, ಅದು ವಿಷ ಅಂತಾನೇ ಅಂದಿದ್ದು."

ಅವಳ ಮಾತಿನಲ್ಲಿ ನಿಜವಿತ್ತು. ನನ್ನ ಕೈಗೆ ಪುಸ್ತಕ ಬಂದರೆ ಇನ್ನೊಂದು ಕೈ ತಾನಾಗಿ ಮಂಡಕ್ಕಿ ಹುಡುಕುತ್ತದೆ. ಉತ್ತರಪತ್ರಿಕೆ ತಿದ್ದಲು ಕೂತರೂ ಹಾಗೆಯೇ, ಎಡಗೈ ಬಟ್ಟಲಿಗೆ, ಬಲಗೈ ಕೆಂಪು ಪೆನ್ನಿಗೆ. ಹಸಿವನ್ನು ಮರೆಸಿ ಓದಿಸಲು ಅವಳು ಇಟ್ಟದ್ದು ಹೊಟ್ಟೆ ತುಂಬಿದ ಮೇಲೂ ನನ್ನನ್ನು ಬಿಡಲೊಲ್ಲದು. ಅದಕ್ಕೆ ಅವಳನ್ನು ಬೈಯಲೇ? ಬದಲಿಗೆ ಸೀರೆಯ ವಿಷಯ ಹೇಳಿದೆ. ಬಸ್ಸಿನಲ್ಲಿ ನಿಂತದ್ದು, ಕುರ್ಚಿಯಿಂದ ಏಳಲು ಹೆದರುವುದು, ಕಣ್ಣು ಕತ್ತಲೆ ಬಂದು ಬೋರ್ಡು ಹಿಡಿದುಕೊಂಡದ್ದು. ಇಷ್ಟು ದಿನ ಅವಳಿಗೆ ಗಡ್ಡೆ ಎಂದಷ್ಟೇ ಹೇಳಿದ್ದೆ.

ಅವ್ವ ಎದ್ದು ಒಳಗೆ ಹೋಗಿ ಒಂದು ಸಣ್ಣ ತಗಡಿನ ಅಳತೆ ತಂದಳು. ಮಂಡಕ್ಕಿಯನ್ನು ಸೇರಿನಲ್ಲಿ ಅಳೆಯುವವರು ಮೇಲೆ ಗೋಪುರ ಏರಿಸಿ ಹಾಕುತ್ತಾರೆ. ಗೋಪುರ ಏರದಿದ್ದರೆ ಗಿರಾಕಿ ಮುಖ ಸಿಂಡರಿಸುತ್ತಾನೆ. ಅವ್ವ ಆ ಚಿಕ್ಕ ಅಳತೆಯನ್ನು ತುಂಬಿ, ಬೆರಳಿಂದ ತಲೆ ಸವರಿ ಗೋಪುರವನ್ನು ಚೀಲಕ್ಕೇ ಬೀಳಿಸಿದಳು.

"ಇಷ್ಟು. ತಲಿ ಸವರಿ ಇಷ್ಟು. ಇದರ ಮ್ಯಾಲೆ ತಿಂದ್ರೆ ನನ್ನ ಮುಂದೆ ಬರಬ್ಯಾಡ."

ಗಿರಾಕಿಗೆ ಎಂದೂ ತಲೆ ಸವರಿ ಕೊಟ್ಟವಳಲ್ಲ ನಮ್ಮವ್ವ.

ಮರುದಿನದಿಂದ ಆ ಅಳತೆಯ ಮಂಡಕ್ಕಿಯನ್ನು ಸ್ಟೀಲಿನ ಡಬ್ಬಿಯಲ್ಲಿ ಹಾಕಿಕೊಂಡು ಕಾಲೇಜಿಗೆ ಒಯ್ದೆ. ಸೌತೆಕಾಯಿ ಹೆಚ್ಚಿ ಬೇರೆ ಇಟ್ಟುಕೊಂಡಿದ್ದೆ. ಸಂಜೆ ಎಲ್ಲರೂ ಗುಡ್ಡೆಯ ಸುತ್ತ ನಿಂತರು. ನಾನು ಪಕ್ಕದಲ್ಲೇ ನಿಂತು ಡಬ್ಬಿ ತೆಗೆದೆ.

"ಯಾಕ್ರೀ ಮೇಡಂ, ನಮ್ ಕೈ ಹೊಲಸಾ?" ಎಂದರು ಗಣಿತದ ಸರ್, ನಗುತ್ತ.

ಅವರು ತಮಾಷೆಗೇ ಅಂದದ್ದು. ಆದರೆ ಬೇರೆ ಇಟ್ಟು ತಿನ್ನುವುದೆಂದರೇನು ಎಂಬುದು ಆ ಕೋಣೆಯಲ್ಲಿ ನನಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ನಾನು ಬೇರೆ ಡಬ್ಬಿ ಹಿಡಿದು ನಿಂತು, ಬೇರೆಯವರಿಂದ ಆ ಮಾತು ಕೇಳುವ ಕಾಲ ಬಂತಲ್ಲ ಎಂದು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಡಬ್ಬಿಯನ್ನು ಗುಡ್ಡೆಗೆ ಸುರಿದು ಕೈ ಹಾಕಿಬಿಡೋಣ ಎನ್ನಿಸಿತು. ಕೈ ಅರ್ಧ ಮೇಲೆದ್ದಿತ್ತು ಕೂಡ. ಅಷ್ಟರಲ್ಲಿ ಸೊಂಟದಿಂದ ಕೆಳಗೆ ಬೆಚ್ಚಗೆ ಏನೋ ಇಳಿದ ಹಾಗಾಯಿತು, ಈಚೆಗೆ ದಿನವೂ ಆಗುವಂತೆ.

"ಹೊಲಸಲ್ಲ ಸರ್," ಎಂದೆ. "ನನಗೆ ಗರ್ಭಕೋಶದ ಆಪರೇಷನ್ ಆಗಬೇಕು. ದಿನಾ ರಕ್ತ ಹೋಗ್ತಾ ಇದೆ. ಸಕ್ಕರೆ ಇಳಿಯೋವರೆಗೂ ಮಾಡಲ್ಲ ಅಂತಾರೆ. ಗುಡ್ಡೆಗೆ ಕೈ ಹಾಕಿದ್ರೆ ಎಷ್ಟು ತಿಂದೆ ಅಂತ ನನಗೆ ಲೆಕ್ಕ ಸಿಗಲ್ಲ."

ಗಂಡಸರು ಇರುವ ಕಡೆ ಹೀಗೆ ಹೇಳಬಾರದಂತೆ. ಆಮೇಲೆ ಯಾರೋ ಹಾಗೆಂದರು. ಗಣಿತದ ಸರ್ ಪೇಪರಿನ ಅಂಚನ್ನೇ ನೋಡುತ್ತ, "ಇಲ್ಲೇ ನಿಂತ್ಕಂಡು ತಿನ್ರಿ ಮತ್ತೆ, ಮೂಲಿಗೆ ಹೋಗಬ್ಯಾಡ್ರಿ" ಎಂದು ಸರಿದು ಜಾಗ ಬಿಟ್ಟರು. ಇತಿಹಾಸದ ಮೇಡಂ ಮರುದಿನ ತಾವೂ ಒಂದು ಡಬ್ಬಿ ತಂದರು. ಅವರಿಗೂ ಸಕ್ಕರೆ ಇದೆಯಂತೆ, ಬಹಳ ವರ್ಷದಿಂದ, ಯಾರಿಗೂ ಹೇಳಿರಲಿಲ್ಲವಂತೆ. ಡಬ್ಬಿಯದ್ದನ್ನು ಶಿಸ್ತಾಗಿ ತಿಂದು ಮುಚ್ಚಳ ಹಾಕಿದರು. ಆಮೇಲೆ ಮಾತಾಡುತ್ತ ಆಡುತ್ತ ಗುಡ್ಡೆಗೂ ಕೈ ಹಾಕಿದರು.

"ಮೇಡಂ," ಎಂದೆ.

"ಡಬ್ಬಿದು ಪಥ್ಯ," ಎಂದರು. "ಇದು ಬರೇ ಮಂಡಕ್ಕಿ ಅಲ್ಲೇನ್ರಿ."

ಸುಲಭವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಡಬ್ಬಿ ಖಾಲಿಯಾದ ಮೇಲೆ ಬಾಯಿ ಕೇಳುತ್ತಲೇ ಇತ್ತು. ಖಾಲಿ ಡಬ್ಬಿಯ ತಳಕ್ಕೆ ಬೆರಳೊತ್ತಿ ಖಾರದಪುಡಿ ನೆಕ್ಕಿದ್ದಿದೆ. ಪಾಠದ ನಡುವೆ ವಾಕ್ಯ ಮರೆತದ್ದಿದೆ. ಗಂಡನ ಜೊತೆ ಸುಮ್ಮಸುಮ್ಮನೆ ಜಗಳವಾಡಿ, ಕಾರಣ ಕೇಳಿದರೆ ಹೇಳಲು ನಾಚಿಕೆಯಾಗಿದೆ. ಒಂದು ಭಾನುವಾರ ಪಕ್ಕದ ಮನೆಯಿಂದ ಏಣಿ ಇಸಿದುಕೊಂಡು ಬಂದು ಅಟ್ಟ ಹತ್ತಿದೆ. ಗಂಡ ಡಬ್ಬಿಯನ್ನು ಎಂದೋ ಖಾಲಿ ಮಾಡಿದ್ದರು. ಅಟ್ಟದ ಮೇಲೆ ಧೂಳಿನಲ್ಲಿ ಕೂತಾಗ, ಅಪ್ಪ ಹೀಗೆಯೇ ಮನೆಯ ಮೂಲೆಮೂಲೆ ತಡಕುತ್ತಿದ್ದದ್ದು ಕಣ್ಣಿಗೆ ಬಂತು. ಆಗ ನಾನು ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಿದ್ದೆ. ಈಗ ಕೆಳಗೆ ನಿಂತು ಏಣಿ ಹಿಡಿದುಕೊಂಡವರು ನನ್ನ ಗಂಡ. "ಇಳಿ, ಬೀಳ್ತೀಯ" ಎಂದಷ್ಟೇ ಹೇಳಿದರು. ಅವತ್ತು ಬೆರಳು ಮೂಸಲಿಲ್ಲ.

ಸಕ್ಕರೆ ಇಳಿಯಿತು. ಡಾಕ್ಟರು ಬಯಸಿದಷ್ಟು ಇಳಿಯಲಿಲ್ಲ, ಚಾಕು ಹಿಡಿಯಲು ಸಾಕಾಗುವಷ್ಟು ಇಳಿಯಿತು. "ಇಷ್ಟಾದ್ರೂ ಆಯ್ತಲ್ಲ ಮಾರಾಯ್ರೆ" ಎಂದು ದಿನ ಬರೆದುಕೊಟ್ಟರು. ಕ್ಲಿನಿಕ್ಕಿನಿಂದ ಹೊರಗೆ ಬಂದು ತಮ್ಮನಿಗೆ ಹೇಳಿದರೆ ಅವನು ಖುಷಿಯಲ್ಲಿ ಆಟೊವನ್ನು ನೇರ ತೆಗೆದುಕೊಂಡು ಹೋಗಿ ಮೆಣಸಿನಕಾಯಿ ಗಾಡಿಯ ಮುಂದೆ ನಿಲ್ಲಿಸಿದ. "ಇಂಥಾ ದಿನ ಬಾಯಿ ಖಾಲಿ ಇರ್ತಾರೇನಕ್ಕ" ಎಂದು ನನ್ನನ್ನೇ ಕೇಳಿದ. ಈ ಊರಿನವರಿಗೆ ಹೇಳಿ ಪ್ರಯೋಜನವಿಲ್ಲ. ಆಟೊ ಇಳಿದು ಬಿಸಿಲಿನಲ್ಲಿ ಮನೆಯವರೆಗೂ ನಡೆದೆ. ಅವನು ಪೊಟ್ಟಣ ಹಿಡಿದುಕೊಂಡು ಹಿಂದೆಯೇ ನಿಧಾನ ಆಟೊ ಓಡಿಸಿಕೊಂಡು ಬಂದ, "ಹತ್ತಕ್ಕ, ನಾನೇ ತಿಂತೀನಿ ಹತ್ತು" ಎನ್ನುತ್ತ.

ಆಪರೇಷನ್ ಆಯಿತು. ಹೊಲಿಗೆ ಕೂಡಿಕೊಂಡಿತು. ಈಗ ಬಿಳಿ ಸೀರೆ ಉಟ್ಟುಕೊಂಡು, ಮಕ್ಕಳಿಗೆ ಬೆನ್ನು ಹಾಕಿ, ನಿಶ್ಚಿಂತೆಯಾಗಿ ಬೋರ್ಡಿನ ಮೇಲೆ ಬರೆಯುತ್ತೇನೆ. ಗಡ್ಡೆ ಹೋಯಿತು, ಗರ್ಭಕೋಶ ಹೋಯಿತು. ಸಂಜೆಯ ಗಂಟೆ ಹೊಡೆದರೆ ಬಾಯಲ್ಲಿ ನೀರೂರುವುದು ಮಾತ್ರ ಹೋಗಿಲ್ಲ. ಇದಕ್ಕೆ ಚಟವೆಂಬ ಹೆಸರು ಸರಿಯೋ ತಪ್ಪೋ ತಿಳಿದವರು ಹೇಳಲಿ. ಡಬ್ಬಿ ಇನ್ನೂ ಬ್ಯಾಗಿನಲ್ಲಿದೆ.

ಆಸ್ಪತ್ರೆಯಲ್ಲಿ ಎರಡನೆಯ ದಿನ ಮಧ್ಯಾಹ್ನ ಅವ್ವ ನನ್ನ ಹತ್ತಿರ ಕೂತಿದ್ದಳು. ಬೆಳಿಗ್ಗೆ ಬಂದಾಗಿನಿಂದ ಅವಳ ಮಡಿಲಲ್ಲಿ ಒಂದು ಬಟ್ಟೆಯ ಚೀಲ, ಬಾಯಿ ಬಿಗಿಯಾಗಿ ಕಟ್ಟಿತ್ತು. ಏನೂ ಉಂಡಿರಲಿಲ್ಲ. ನನಗೆ ಗಂಜಿ ಕುಡಿಸಿದಳು, ಬಾಯಿ ಒರೆಸಿದಳು. ನಾನು ನಿದ್ದೆ ಹೋದೆನೆಂದು ತಿಳಿದು ಮೆಲ್ಲನೆ ಎದ್ದು ಪರದೆಯ ಆಚೆ ಹೋದಳು. ಸ್ವಲ್ಪ ಹೊತ್ತಿಗೆ ಸದ್ದು ಕೇಳಿತು. ಹಲ್ಲಿಲ್ಲದ ಕಡೆಯಿಂದ ಸರಿಸಿ, ಹಲ್ಲಿರುವ ಕಡೆ ನಿಧಾನ ಅಗಿಯುವ ಸದ್ದು. ಆ ಸದ್ದನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ.

"ಅವ್ವ, ಒಳಗೇ ಬಂದು ತಿನ್ನು. ನನಗೇನಾಗಲ್ಲ."

ಸದ್ದು ನಿಂತಿತು.

"ನೀನು ಮಲ್ಕೋ," ಎಂದಳು ಪರದೆಯಾಚೆಯಿಂದ, ಬಾಯಿ ತುಂಬಿಕೊಂಡೇ. "ನಾನೇನು ತಿಂತಾ ಇಲ್ಲ. ಬರೇ ಮಂಡಕ್ಕಿ."